ಇಕ್ಕುಳದ ಇನ್ನೊಂದು ಅರ್ಧ

ಅವರ ಎಡ ಮುಂಗೈ ಮೇಲೆ ಒಂದು ಕೂದಲೂ ಇರಲಿಲ್ಲ. ಬಲ ಮುಂಗೈ ಮಾತ್ರ ಅವರ ವಯಸ್ಸಿನ ಬೇರೆ ಗಂಡಸರಂತೆ ನರೆತ ಕೂದಲು ತುಂಬಿಕೊಂಡಿತ್ತು. ಎಡಗೈ ಇಕ್ಕುಳ ಹಿಡಿಯುವ ಕೈ. ಐವತ್ತು ವರ್ಷ ಬೆಂಕಿಯ ಹತ್ತಿರ ಹೋಗಿ ಬಂದು ಮಣಿಕಟ್ಟಿನಿಂದ ಮೊಳಕೈವರೆಗೂ ನುಣ್ಣಗಾಗಿತ್ತು, ಅಲ್ಲಲ್ಲಿ ಕಿಡಿ ಸಿಡಿದ ಕಡೆ ಸಾಸಿವೆಯಷ್ಟು ಕಪ್ಪು ಚುಕ್ಕೆಗಳು. ನಾನು ಟೈಲರ್. ಜನರನ್ನು ಮುಖಕ್ಕಿಂತ ಹೆಚ್ಚಾಗಿ ಅಳತೆಯಲ್ಲಿ ನೆನಪಿಟ್ಟುಕೊಳ್ಳುವವಳು. ಒಮ್ಮೆ ಅವರ ಮೊಮ್ಮಗಳ ನಾಮಕರಣಕ್ಕೆ ಅವರಿಗೊಂದು ಅಂಗಿ ಹೊಲಿದಾಗ ನೋಡಿದ್ದೆ, ಬಲಭುಜ ಎಡಭುಜಕ್ಕಿಂತ ಮುಕ್ಕಾಲು ಇಂಚು ಕೆಳಗಿತ್ತು. ಹೇಳಿದರೆ, "ಸುತ್ಗೆ ತೂಕ ಕಣವ್ವ, ಅದ್ನೂ ಸೇರ್ಸೇ ಹೊಲಿ" ಅಂದರು.

ನಮ್ಮೂರು ಕೈಲಾಂಚದಲ್ಲಿ ಅವರನ್ನು ಎಲ್ಲರೂ ಆಚಾರ್ರು ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ. ಬಸ್ ನಿಲ್ಲುವ ಜಾಗದಿಂದ ಒಳಗೆ ತಿರುಗಿದರೆ ಎಡಕ್ಕೆ ನನ್ನ ಅಂಗಡಿ, ರಸ್ತೆಯ ಆಚೆ ಬದಿಗೆ ಅವರ ಕುಲುಮೆ. ಆ ಒಂದು ಅಂಗಿ ಬಿಟ್ಟರೆ, ಹನ್ನೊಂದು ವರ್ಷ ನಮ್ಮಿಬ್ಬರ ನಡುವೆ ಇದ್ದ ಸಂಬಂಧ ಒಂದು ದೂರಿನದು ಮಾತ್ರ. ಗಾಳಿ ಬೀಸಿದರೆ ಅವರ ಇದ್ದಿಲಿನ ಪುಡಿ ಬಂದು ನಾನು ಇಸ್ತ್ರಿ ಮಾಡಿಟ್ಟ ಬ್ಲೌಸುಗಳ ಮೇಲೆ ಕೂರುತ್ತಿತ್ತು. ನಾನು ಹೋಗಿ ಹೇಳುತ್ತಿದ್ದೆ. ಅವರು ತಲೆಯಾಡಿಸುತ್ತಿದ್ದರು. ಮರುದಿನ ಮತ್ತೆ ಪುಡಿ ಬರುತ್ತಿತ್ತು.

ಅವರು ಜನರ ಮುಖ ನೋಡಿ ಮಾತಾಡುವವರಲ್ಲ. ಹಿಪ್ಪುನೇರಳೆ ಕಡ್ಡಿ ಕೊಯ್ಯುವ ಕುಡುಗೋಲು, ಮಚ್ಚು, ಗುದ್ದಲಿ, ಏನು ತಂದಿದ್ದಾರೋ ಅದನ್ನೇ ನೋಡಿಕೊಂಡು ಮಾತು. "ಇದು ಹೋದ್ ವರ್ಸ ಬಂದಿತ್ತು. ಕಲ್ಲಿಗೆ ಹೊಡ್ದಿದ್ದೀಯ" ಎಂದು ಕುಡುಗೋಲಿಗೇ ಹೇಳಿದ ಹಾಗೆ ಹೇಳುವರು. ತಂದವನು ಪಕ್ಕದಲ್ಲಿ ತಪ್ಪಿತಸ್ಥನಂತೆ ನಿಂತಿರುತ್ತಿದ್ದ. ಬೇಗ ಮಾಡಿಕೊಡಿ ಎಂದು ಯಾರಾದರೂ ಅವಸರ ಮಾಡಿದರೆ ಒಂದೇ ಉತ್ತರ: "ಅವಸ್ರ ಇದ್ರೆ ಪ್ಲಾಸ್ಟಿಕ್ ತಕ್ಕೊ." ಕುಡುಗೋಲು ಪ್ಲಾಸ್ಟಿಕ್ಕಿನಲ್ಲಿ ಸಿಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಅಮಾವಾಸ್ಯೆಯ ದಿನ ಬೆಂಕಿ ಹಾಕುತ್ತಿರಲಿಲ್ಲ. ಆ ದಿನ ಕುಲುಮೆಯ ಬಾಗಿಲಲ್ಲಿ ಸುಮ್ಮನೆ ಕೂತು ರಸ್ತೆ ನೋಡುತ್ತಿದ್ದರು, ಕೈ ಎಲ್ಲಿಡಬೇಕು ಎಂದು ತಿಳಿಯದವರ ಹಾಗೆ.

ನನ್ನ ಹತ್ತಿಂಚಿನ ಕತ್ತರಿಯ ಕೀಲು ಸಡಿಲವಾದಾಗ ಮೊದಲ ಸಲ ಗಿರಾಕಿಯಾಗಿ ಅಲ್ಲಿಗೆ ಹೋದೆ. ಎರಡೂ ಅಲಗು ಒಂದರ ಮೇಲೊಂದು ಕೂರದೆ ಬಟ್ಟೆಯನ್ನು ಕಚ್ಚುತ್ತಿದ್ದವು. ಅವರು ತೆರೆದು ಮುಚ್ಚಿ ಕಿವಿಯ ಹತ್ತಿರ ಹಿಡಿದು ಕೇಳಿದರು.

"ಕತ್ರಿ ಚೆನ್ನಾಗೈತೆ. ಕೀಲು ಒಂದು ಕೈಕೊಟ್ಟೈತೆ ಅಷ್ಟೇಯ. ಕೂತ್ಕೊ."

ಮೂರು ಏಟು. ಅಷ್ಟೇ. ಆ ಕತ್ತರಿ ಇವತ್ತಿಗೂ ರೇಷ್ಮೆಯನ್ನು ನೂಲು ಎಳೆಯದಂತೆ ಕತ್ತರಿಸುತ್ತದೆ.

ಆ ಬೇಸಿಗೆಯಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕರೆಂಟು ತೆಗೆಯುತ್ತಿದ್ದರು. ನನ್ನದು ಮೋಟಾರು ಮೆಷಿನ್, ಕರೆಂಟಿಲ್ಲದಿದ್ದರೆ ಕೆಲಸವಿಲ್ಲ. ಅವರ ಕುಲುಮೆಗೆ ಗಾಳಿ ಊದುವುದು ಕೈಯಲ್ಲಿ ತಿರುಗಿಸುವ ಹಳೆಯ ಕಬ್ಬಿಣದ ಫ್ಯಾನು, ಅದಕ್ಕೆ ಕರೆಂಟಿನ ಹಂಗಿರಲಿಲ್ಲ. ತಿರುಗಿಸುವವರು ಬೇಕಿತ್ತು. ಹೆಂಡತಿ ತೀರಿಕೊಂಡು ಐದು ವರ್ಷವಾಗಿತ್ತು. ಮಗ ಹಾಲಿನ ಟೆಂಪೋ ಓಡಿಸುತ್ತಿದ್ದ, ಬೆಳಿಗ್ಗೆ ಸಂಜೆ ಡೈರಿಗಳ ಸುತ್ತು. ಒಂದು ಮಧ್ಯಾಹ್ನ ಹೊತ್ತು ಹೋಗದೆ ಅಲ್ಲಿ ಹೋಗಿ ಕೂತವಳು ಫ್ಯಾನಿನ ಹಿಡಿ ಹಿಡಿದೆ. ಬೇಡ ಅನ್ನಲಿಲ್ಲ. "ನಿಧಾನುಕ್ಕೆ, ಮಗೂನ ತೂಗೋ ಹಂಗೆ" ಎಂದರು. ಮರುದಿನ ಪಾಲಿಸ್ಟರ್ ಸೀರೆಯಲ್ಲಿ ಹೋದೆ. ಬಾಗಿಲಲ್ಲೇ ತಡೆದರು: "ಟೈಲ್ರಮ್ಮ, ನಿಂಗೆ ಬಟ್ಟೆ ವಿಚಾರ ನಾನು ಹೇಳ್ಕೊಡ್ಬೇಕಾ? ಒಂದ್ ಕಿಡಿ ಸಾಕು, ಮೈಗೆ ಅಂಟ್ಕೊಂಡ್ಬುಡ್ತದೆ. ಹತ್ತಿ ಬಟ್ಟೆ ಹಾಕ್ಕೊಂಡ್ ಬಾ." ನಾನು ವಾಪಸ್ ಹೋಗಿ ಬಟ್ಟೆ ಬದಲಾಯಿಸಿಕೊಂಡು ಬಂದೆ. ನನ್ನ ವೃತ್ತಿಯಲ್ಲಿ ಯಾರಾದರೂ ನನ್ನನ್ನು ತಿದ್ದಿದ್ದು ಅದೇ ಮೊದಲಿರಬೇಕು.

ಕುಲುಮೆಯ ನಡುಗಂಬದ ಮೊಳೆಯಲ್ಲಿ ಅವರ ಇಕ್ಕುಳ ನೇತಾಡುತ್ತಿತ್ತು. ಕಾದ ಕಬ್ಬಿಣ ಹಿಡಿಯುವುದು ಅದರಲ್ಲೇ. ಎರಡಡಿ ಉದ್ದ, ಬಾಯಿ ಗಿಳಿಯ ಕೊಕ್ಕಿನಂತೆ ಸ್ವಲ್ಪ ಬಾಗಿದ್ದು, ಹಿಡಿ ಸವೆದು ಅವರ ಅಂಗೈಯ ಆಕಾರಕ್ಕೆ ಬಂದಿದ್ದು. ಒಂದು ದಿನ ಅವರು ಹಿಂದೆ ನೀರು ತರಲು ಹೋಗಿದ್ದಾಗ ಬೆಂಕಿಯಿಂದ ಒಂದು ಕೆಂಡ ಕೆಳಗೆ ಉರುಳಿತು. ಎತ್ತಿ ಹಾಕೋಣ ಎಂದು ನಾನು ಇಕ್ಕುಳಕ್ಕೆ ಕೈ ಚಾಚಿದೆ.

"ಬುಡು! ಬುಡು ಅದ್ನ!"

ಹನ್ನೊಂದು ವರ್ಷದಲ್ಲಿ ಅವರು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕೈ ಹಿಂದೆ ತೆಗೆದೆ. ಅವರು ಕೊಡಪಾನ ಕೆಳಗಿಟ್ಟು, ಕೆಂಡವನ್ನು ಕಾಲಿನ ಮೆಟ್ಟಿನಿಂದ ಒತ್ತಿ ಆರಿಸಿದರು. ಬೈದದ್ದಕ್ಕೆ ನಾಚಿಕೆಯಾಗಿತ್ತೇನೋ. ಆಮೇಲೆ ಹೇಳಿದರು.

"ನಮ್ ಮನೆತನ್ದಲ್ಲಿ ಒಂದು ಐತೆ ಕಣವ್ವ. ಇಕ್ಳ ಯಾರ್ಗೂ ಕೊಡಾಕಿಲ್ಲ, ಯಾರ್ದೂ ಮುಟ್ಟಾಕಿಲ್ಲ. ಅವನವನ್ದು ಅವನವ್ನೇ ಮಾಡ್ಕೋಬೇಕು. ಅವ್ನು ಹೋದ ದಿನ ಅವನ ಇಕ್ಳದ ಕೀಲು ತೆಗೀಬೇಕು. ಕೀಲು ತೆಗ್ಯೋರ ಕೈಲಿ ಅವ್ರೇ ಮಾಡ್ಕೊಂಡಿರೋ ಇಕ್ಳ ಇರ್ಬೇಕು. ಒಂದ್ ತುಂಡು ಹೋದೋನ ಜೊತೆ ಮಣ್ಗೆ. ಇನ್ನೊಂದ್ ತುಂಡು ಕೀಲು ತೆಗ್ದೋರ್ಗೆ."

ಬೇರೆ ಕಡೆ ಈ ಪದ್ಧತಿ ಇದೆಯೋ ಇಲ್ಲವೋ ನಾನು ವಿಚಾರಿಸಿಲ್ಲ. ಅವರ ಮನೆಯಲ್ಲಿತ್ತು. ಅವರ ತಂದೆ ಸತ್ತಾಗ ಇವರಿಗೆ ಇಪ್ಪತ್ತೆರಡು. ಆಗ ಇವರು ಬರೀ ದೊಡ್ಡ ಸುತ್ತಿಗೆ ಬೀಸುವವರು, ಹಿಡಿಯುವುದೆಲ್ಲ ತಂದೆ. ಇಕ್ಕುಳ ನಾಳೆ ಮಾಡಿಕೊಂಡರಾಯಿತು ಎಂದು ಮುಂದೆ ಹಾಕುತ್ತಲೇ ಬಂದಿದ್ದರು. ಒಂದು ಬೆಳಿಗ್ಗೆ ತಂದೆ ಇರಲಿಲ್ಲ, ಇಕ್ಕುಳ ಇತ್ತು, ಕೀಲು ತೆಗೆಯುವ ಅರ್ಹತೆ ಮನೆಯಲ್ಲಿ ಯಾರಿಗೂ ಇರಲಿಲ್ಲ.

"ನಾಕು ತಿಂಗ್ಳು ನಮ್ಮಪ್ಪನ ಇಕ್ಳ ಈ ಕಂಬ್ದಲ್ಲೇ ನೇತಾಡ್ತು. ಬಂದೋರೆಲ್ಲ ಮೊದ್ಲು ಅದ್ನ ನೋಡೋರು, ಆಮ್ಯಾಕೆ ನನ್ನ ನೋಡೋರು. ನಂದು ಮಾಡ್ಕೊಂಡು ಕೀಲು ತೆಗ್ದ್ ಮ್ಯಾಲೆ, ಮಣ್ಣು ಮಾಡಿದ್ ಜಾಗ ಮತ್ತೆ ಕೆದ್ಕಿ ಆ ತುಂಡು ಇಟ್ಟೆ ಕಣವ್ವ. ಅಪ್ಪನ ನಿದ್ದೆ ಕೆಡಿಸ್ದಂಗಾಯ್ತು."

ಹೇಳಿ ಮುಗಿಸಿ, ಬೆಂಕಿ ನೋಡಿಕೊಂಡೇ ಕೇಳಿದರು: "ನಂದೂ ಹಂಗೆ ನೇತಾಡಬಾರ್ದು. ನೀನು ಒಂದು ಮಾಡ್ಕೊತೀಯಾ?"

"ನಾನಾ? ನಿಮ್ಮ ಮಗ ಇದ್ದಾರಲ್ಲ?"

"ಅವ್ನು ಬರಾಕಿಲ್ಲ ಅಂದ. ಹಾಲಿನ ವಾಸ್ನೇನೇ ಸಾಕಂತೆ. ಬೇರೆ ಯಾರೂ ಸಿಗ್ನಿಲ್ಲ, ಅದ್ಕೆ ನಿನ್ನ ಕೇಳ್ತಿದ್ದೀನಿ."

ಇಷ್ಟು ಪ್ರಾಮಾಣಿಕವಾಗಿ ಯಾರೂ ನನ್ನನ್ನು ಯಾವುದಕ್ಕೂ ಕರೆದಿರಲಿಲ್ಲ. ಮಧ್ಯಾಹ್ನದ ಎರಡು ಗಂಟೆ ಹೊತ್ತು ಹೋಗುತ್ತದೆ ಎಂದು ಒಪ್ಪಿಕೊಂಡೆ. ಅದಕ್ಕಿಂತ ದೊಡ್ಡ ಕಾರಣ ಆಗ ನನ್ನಲ್ಲಿ ಇರಲಿಲ್ಲ. ನನಗೆ ನಲವತ್ತೊಂದು. ಹಿಡಿದ ಅತಿ ಭಾರದ ಕಬ್ಬಿಣವೆಂದರೆ ಇಸ್ತ್ರಿಪೆಟ್ಟಿಗೆ.

ಮೊದಲ ದಿನವೇ ನನಗೆ ಒಂದು ಅನುಮಾನ ಬಂತು. ಇಕ್ಕುಳ ಮಾಡಲು ಕಾದ ಕಬ್ಬಿಣ ಹಿಡಿಯಬೇಕು, ಹಿಡಿಯಲು ಇಕ್ಕುಳ ಬೇಕು, ಅವರದನ್ನು ಮುಟ್ಟುವಂತಿಲ್ಲ. ಹಾಗಾದರೆ ಹೇಗೆ? ಕೇಳಿದೆ. ಅವರು ಮೂಲೆಯಿಂದ ಒಡೆದ ಮನೆಯ ಕಿಟಕಿಯ ಎರಡು ಹಳೆಯ ಸರಳು ತೆಗೆದರು, ಒಂದೊಂದೂ ಮೂರಡಿ ಉದ್ದ. "ಬೆಂಕಿ ಈ ತುದೀಲಿ, ನೀನು ಆ ತುದೀಲಿ. ಮಧ್ಯ ಇಷ್ಟು ದೂರ ಇದ್ರೆ ಇಕ್ಳ ಯಾಕೆ?" ಎಂದರು. ಅಂಗಡಿಯಲ್ಲಿ ಸಿಗುವ ಹೊಸ ಕಟ್ಟಡದ ಕಂಬಿಯನ್ನು ಅವರು ಹತ್ತಿರ ಸೇರಿಸುತ್ತಿರಲಿಲ್ಲ. ಹಳೆಯ ಕಿಟಕಿ ಸರಳು ಮೆದು, ಹೇಳಿದ ಮಾತು ಕೇಳುತ್ತದೆ ಎನ್ನುವರು.

ಕೆಲಸ ಹೇಳಲು ಸುಲಭ. ಇಕ್ಕುಳವೆಂದರೆ ಎರಡು ತುಂಡು, ನಡುವೆ ಒಂದು ಕೀಲು. ಒಂದೊಂದು ತುಂಡಿಗೂ ತುದಿಯನ್ನು ಅಡಿಗಲ್ಲಿನ ಮೇಲಿಟ್ಟು ಬಡಿದು ಚಪ್ಪಟೆ ಮಾಡಿದರೆ ಅದು ಬಾಯಿ. ಸರಳನ್ನು ಕಾಲು ಸುತ್ತು ಎಡಕ್ಕೆ ತಿರುಗಿಸಿ, ಸ್ವಲ್ಪ ಮುಂದೆ ಸರಿಸಿ ಬಡಿದರೆ ಕೀಲು ಕೂರುವ ಜಾಗ. ಮತ್ತೆ ಕಾಲು ಸುತ್ತು ಎಡಕ್ಕೆ ತಿರುಗಿಸಿ, ಉಳಿದದ್ದನ್ನು ಉದ್ದಕ್ಕೆ ಎಳೆದರೆ ಹಿಡಿ. ಮಾಡಲು ಹೋದರೆ ಸರಳು ಕಾಯುವುದಕ್ಕೆ ಮೊದಲೇ ನನ್ನ ತಲೆ ಕಾದಿರುತ್ತಿತ್ತು. ನಾನು ಏಟು ಹಾಕಿ ಅವರ ಮುಖ ನೋಡುತ್ತಿದ್ದೆ, ಸರಿಯೋ ತಪ್ಪೋ ಎಂದು. ಅದಕ್ಕೂ ಒಂದು ಮಾತು ಇತ್ತು: "ಬಣ್ಣ ನೋಡು, ನನ್ ಮುಖ ನೋಡ್ಬ್ಯಾಡ. ನನ್ ಮುಖ ಯಾವಾಗ್ಲೂ ಒಂದೇ ಬಣ್ಣ."

ಒಂದು ಸಂಜೆ ಮನೆಯಲ್ಲಿ ಫೋನಿನಲ್ಲಿ ಹುಡುಕಿ, ಯಾವುದೋ ದೇಶದವನೊಬ್ಬ ಹತ್ತು ನಿಮಿಷದಲ್ಲಿ ಇಕ್ಕುಳ ಮಾಡುವ ವಿಡಿಯೋ ನೋಡಿದೆ. ಮರುದಿನ ಅವರಿಗೂ ತೋರಿಸಿದೆ. ಫೋನನ್ನು ದೂರ ಹಿಡಿದು ಕೊನೆಯವರೆಗೂ ನೋಡಿದರು. "ಚೆನ್ನಾಗ್ ಮಾಡ್ತಾನೆ. ಏಟು ಶುದ್ಧವಾಗೈತೆ. ಬೆವ್ರೇ ಬಂದಿಲ್ಲ ನೋಡು, ಅಲ್ಲೆಲ್ಲೋ ತಣ್ಣಗಿರ್ಬೇಕು" ಎಂದು ಫೋನ್ ವಾಪಸ್ ಕೊಟ್ಟರು. ಆಮೇಲೆ ಎರಡು ದಿನ, ನಾನು ತಪ್ಪು ಮಾಡಿದಾಗಲೆಲ್ಲ "ನಿನ್ನ ದೊರೆ ಹೆಂಗ್ ಮಾಡ್ದ ಒಸಿ ನೆಪ್ಪು ಮಾಡ್ಕೊ" ಎಂದು ರೇಗಿಸಿದರು.

ಮೊದಲ ತುಂಡಿಗೆ ಹನ್ನೊಂದು ದಿನ ಹಿಡಿಯಿತು. ಪಕ್ಕದಲ್ಲೇ ನಿಂತು ಒಂದೊಂದು ತಿರುವನ್ನೂ ಹೇಳಿ ಮಾಡಿಸಿದರು. ಎರಡನೆಯದಕ್ಕೆ ಬಂದಾಗ ಕನಕಪುರದ ಕಡೆ ನೆಂಟರ ಮನೆ ಮದುವೆಗೆ ನಾಲ್ಕು ದಿನ ಹೋದರು. ಬೆಂಕಿ ಹಾಕಲು ನನಗೆ ಅನುಮತಿ ಕೊಟ್ಟು ಹೋದದ್ದು ದೊಡ್ಡ ಗೌರವ ಎಂದುಕೊಂಡೆ. ಅವರು ಬರುವುದರೊಳಗೆ ಮುಗಿಸಿ ತೋರಿಸಬೇಕು ಎನ್ನುವ ಹಟ ಬಂತು. ಮುಗಿಸಿದೆ. ಮೊದಲ ತುಂಡಿಗಿಂತ ನಯವಾಗಿ ಬಂದಿತ್ತು. ಹೆಮ್ಮೆಯಿಂದ ಎರಡನ್ನೂ ಅಡಿಗಲ್ಲಿನ ಮೇಲೆ ಪಕ್ಕಪಕ್ಕ ಇಟ್ಟು ಕಾದೆ.

ಅವರು ಬಂದಿದ್ದು ಐದನೆಯ ದಿನ ಮಧ್ಯಾಹ್ನ. ಮಗನೂ ಜೊತೆಗಿದ್ದ, ಕೈಯಲ್ಲಿ ಊಟದ ಕ್ಯಾರಿಯರ್. ಆಚಾರ್ರು ಒಂದು ತುಂಡಿನ ಮೇಲೆ ಇನ್ನೊಂದನ್ನು ಇಟ್ಟರು. ಕೂರಲಿಲ್ಲ. ಕೀಲು ಕೂರುವ ಜಾಗ ಒಂದರಲ್ಲಿ ಬಲಕ್ಕೆ, ಒಂದರಲ್ಲಿ ಎಡಕ್ಕೆ. ತಿರುವಿ ಇಟ್ಟರು. ಆಗಲೂ ಕೂರಲಿಲ್ಲ.

ನಾನು ವಿವರಿಸಿದೆ. ಬ್ಲೌಸಿನ ಎಡಭಾಗ ಬಲಭಾಗ ಇದ್ದಂತೆ ಇಕ್ಕುಳಕ್ಕೂ ಎಡ ಬಲ ಇರಬೇಕಲ್ಲ. ನಾವು ಬಟ್ಟೆ ಮಡಚಿ ಎರಡನ್ನೂ ಒಟ್ಟಿಗೆ ಕತ್ತರಿಸುತ್ತೇವೆ, ಬಿಡಿಸಿದರೆ ಎದುರುಬದುರು ಬರುತ್ತವೆ. ಹಾಗಾಗಿ ಮೊದಲನೆಯದನ್ನು ಎಡಕ್ಕೆ ತಿರುಗಿಸಿದೆ, ಎರಡನೆಯದನ್ನು ಬಲಕ್ಕೆ. ಇಪ್ಪತ್ತು ವರ್ಷ ತೋಳು ಕತ್ತರಿಸಿದವಳ ಬುದ್ಧಿ. ಹೇಳುವಾಗಲೇ ನನಗೆ ಎಲ್ಲೋ ಎಡವಿದ್ದೇನೆ ಅನ್ನಿಸತೊಡಗಿತು.

"ನಿನ್ ಕತ್ರಿ ತತ್ತಾ" ಎಂದರು. ತಂದುಕೊಟ್ಟೆ. ತೆರೆದು ಹಿಡಿದರು. "ಇಪ್ಪತ್ ವರ್ಸದಿಂದ ಕೈಲಿ ಐತೆ, ಒಂದ್ ದಿನಾನಾದ್ರೂ ನೋಡಿದ್ದೀಯಾ? ಎರಡ್ ಅಲಗೂ ಒಂದೇ ಕಡೆ ತಿರುಗ್ಕೊಂಡವೆ. ಕೀಲ್ನಲ್ಲಿ ಸೇರೋವು ಎದ್ರುಬದ್ರು ಇರಾಕಿಲ್ಲ ಕಣವ್ವ. ಎರಡೂ ಒಂದೇ ಇರ್ಬೇಕು. ಒಂದ್ರ ಮ್ಯಾಲೆ ಒಂದ್ ಮಡಗಿದ್ರೆ ಒಂದೇ ಕಾಣ್ಬೇಕು. ಆಗ ಒಂದ್ ಕಳ್ದೋದ್ರೂ ಇನ್ನೊಂದ್ ನೋಡ್ಕೊಂಡು ಮಾಡ್ಕೋಬೋದು."

ದಿನಾ ಕೈಯಲ್ಲಿ ಹಿಡಿಯುವ ವಸ್ತುವಿನ ಬಗ್ಗೆ ನನಗೆ ಇಷ್ಟೂ ಗೊತ್ತಿರಲಿಲ್ಲ ಎಂದು ಅವಮಾನವಾಯಿತು. ನನ್ನ ಎರಡನೆಯ ತುಂಡನ್ನು ಬೆಂಕಿಗೆ ಹಾಕಲು ಕೈಗೆತ್ತಿಕೊಂಡೆ. ಅವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. ತಿರುಗಿಸಿ ತಿರುಗಿಸಿ ನೋಡಿದರು. ಮದುವೆ ಮನೆಯಿಂದ ಬಂದವರ ಮುಖದಲ್ಲಿ ಇದ್ದ ಗೆಲುವು ಹೋಗಿತ್ತು.

"ಇದು ಎಡಚರ ಇಕ್ಳದ ತುಂಡು. ಇಂತಾದು ಇನ್ನೊಂದಿದ್ರೆ ಎಡಚ್ರಿಗೆ ಆಯ್ತದೆ" ಎಂದರು. "ನಮ್ಮನೆಯೋಳು ಎಡಚಿ."

ಆಕೆಯನ್ನು ನಾನು ನೋಡಿದ್ದೆ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಅಡಿಗಲ್ಲಿನ ಆಚೆ ಬದಿಗೆ ನಿಂತು ದೊಡ್ಡ ಸುತ್ತಿಗೆ ಬೀಸುತ್ತಿದ್ದ ಗಟ್ಟಿ ಹೆಂಗಸು. ಗಂಡ ಹಿಡಿಯುವುದು, ಹೆಂಡತಿ ಬಡಿಯುವುದು. ಮೂವತ್ತು ವರ್ಷ ಹಾಗೇ ನಡೆಯಿತು. ಈ ಭಾಗದ ಹೊಲಗಳಲ್ಲಿರುವ ಅರ್ಧದಷ್ಟು ಗುದ್ದಲಿಗಳು ಆಕೆಯ ಏಟು ತಿಂದವು. ಎಲ್ಲರೂ ಅವನ್ನು ಆಚಾರ್ರ ಗುದ್ದಲಿ ಎನ್ನುತ್ತಾರೆ.

"ಒಂದ್ಸಲ ಕೇಳಿದ್ಲು. ನಂಗೂ ಒಂದು ಇಕ್ಳ ಮಾಡಾಕೆ ಹೇಳ್ಕೊಡು, ನಾನೂ ಹಿಡೀತೀನಿ ಅಂತ. ಎಡಗೈನೋರ್ಗೆ ಇಕ್ಳ ಬರಾಕಿಲ್ಲ ಅಂದ್ಬುಟ್ಟೆ."

"ಬರುತ್ತಿರಲಿಲ್ಲವಾ?" ಎಂದು ಕೇಳಿದೆ.

"ಬತ್ತಿತ್ತು. ಎಡಕ್ಕೆ ತಿರುಗ್ಸೋದ್ನ ಬಲಕ್ಕೆ ತಿರುಗ್ಸಿದ್ರೆ ಆಯ್ತಿತ್ತು. ಅಷ್ಟೇಯ." ತುಂಡನ್ನು ಕೈಯಲ್ಲೇ ತೂಗಿದರು. "ಅವ್ಳು ಹೋದಾಗ ಅವಳ್ದು ಅಂತ ಕೀಲು ತೆಗ್ಯಾಕೆ ಏನೂ ಇರ್ನಿಲ್ಲ. ಬರೀ ಕೈಲಿ ಕಳಿಸ್ದೆ."

ಮಗ ಬಾಗಿಲಲ್ಲೇ ಕ್ಯಾರಿಯರ್ ಹಿಡಿದು ನಿಂತು ಕೇಳುತ್ತಿದ್ದ. ಸಮಾಧಾನ ಹೇಳಲು ನನಗೆ ಬರುವುದಿಲ್ಲ, ಮತ್ತು ಅವರು ಮಾಡಿದ್ದು ತಪ್ಪೇ ಎಂದು ನನಗೆ ಅನ್ನಿಸಿತ್ತು. ಆಚಾರ್ರು ಆ ಎಡಚು ತುಂಡನ್ನು ಕಂಬದ ಇನ್ನೊಂದು ಬದಿಗೆ ಒಂದು ಮೊಳೆ ಹೊಡೆದು ನೇತುಹಾಕಿದರು. "ಇದ್ನ ಕಾಯ್ಸಿ ಹಾಳ್ ಮಾಡ್ಬ್ಯಾಡ. ಬೇರೆ ಸರಳು ತಕ್ಕೊ" ಎಂದು ಊಟಕ್ಕೆ ಕೂತರು.

ಮೂರನೆಯ ತುಂಡು ನಾಲ್ಕೇ ದಿನದಲ್ಲಿ ಮುಗಿಯಿತು. ಎಡಕ್ಕೆ, ಮತ್ತೆ ಎಡಕ್ಕೆ. ಎರಡೂ ತುಂಡಿಗೆ ತೂತು ಹಾಕಿ, ಕೆಂಪಗೆ ಕಾದ ಕೀಲನ್ನು ತೂರಿಸಿ, ತಲೆ ಬಡಿದು ಕೂರಿಸಿದೆವು. ಆಗ ಇಕ್ಕುಳ ಕಲ್ಲಿನಂತೆ ಬಿಗಿದುಕೊಂಡಿತು, ಬಾಯಿ ತೆರೆಯಲೇ ಇಲ್ಲ. ಇಷ್ಟು ದಿನದ ಕೆಲಸ ಹೋಯಿತು ಎಂದುಕೊಂಡೆ. ಅವರು ಆ ಜಾಗವನ್ನು ಮತ್ತೆ ಕಾಯಿಸಲು ಹೇಳಿ, ಕೆಂಪಗಿರುವಾಗಲೇ ನೀರಿನಲ್ಲಿ ಅದ್ದಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡಿಸಿದರು. ಹತ್ತನೆಯ ಸಲಕ್ಕೆ ಅದು ನನ್ನ ಕತ್ತರಿಯ ಹಾಗೆ ಆಡತೊಡಗಿತು. ಬೆಂಕಿಯಿಂದ ಒಂದು ಕುಡುಗೋಲು ಎತ್ತಿ ಅಡಿಗಲ್ಲಿನ ಮೇಲಿಟ್ಟೆ. ಜಾರಲಿಲ್ಲ.

"ಹಿಡೀತದೆ" ಎಂದರು.

ಅವರಿಂದ ನನಗೆ ಸಿಕ್ಕ ಹೊಗಳಿಕೆ ಅದೊಂದೇ. ಅವತ್ತು ಅಂಗಡಿಗೆ ಬಂದು ಒಂದು ಬ್ಲೌಸಿಗೆ ತೋಳು ಉಲ್ಟಾ ಹೊಲಿದು, ಬಿಚ್ಚಿ ಮತ್ತೆ ಹೊಲಿದೆ. ಅಷ್ಟು ಖುಷಿಯಾಗಿತ್ತು.

ಅವರಿಗೆ ಬೇಕಾದದ್ದು ಅಲ್ಲಿಗೆ ಮುಗಿದಿತ್ತು, ನಾನು ಹೋಗುವುದು ನಿಲ್ಲಿಸಬಹುದಿತ್ತು. ಕರೆಂಟು ತೆಗೆಯುವುದೂ ಮಳೆಗಾಲಕ್ಕೆ ನಿಂತಿತು. ಆದರೂ ಎರಡು ಗಂಟೆಗೆ ಮೆಷಿನ್ ನಿಲ್ಲಿಸಿ ರಸ್ತೆ ದಾಟುವುದು ಅಭ್ಯಾಸವಾಯಿತು. ಸುಮಾರು ಎರಡು ವರ್ಷ ಹಾಗೆ ನಡೆಯಿತು. ಗೊಣಸು, ಕೊಕ್ಕೆ, ಹೆಬ್ಬೆರಳಷ್ಟು ದಪ್ಪದ ಮೊಳೆ, ಕೊನೆಗೆ ಕುಡುಗೋಲು. ನನ್ನ ಎಡ ಮುಂಗೈಯಲ್ಲೂ ಕೂದಲು ಕಡಿಮೆಯಾಗಿದ್ದನ್ನು ಒಂದು ದಿನ ಬಳೆ ಹಾಕಿಕೊಳ್ಳುವಾಗ ಗಮನಿಸಿದೆ.

ಕೊನೆಯ ವರ್ಷ ಅವರ ಕಣ್ಣು ಮಸುಕಾಯಿತು. ಕಬ್ಬಿಣದ ಬಣ್ಣ ಗೊತ್ತಾಗುತ್ತಿರಲಿಲ್ಲ. ಬಣ್ಣ ಗೊತ್ತಾಗದ ಕಮ್ಮಾರ ಬೆಂಕಿಯ ಎದುರು ಕೂತು ಏನು ಮಾಡಬೇಕು? ಆಪರೇಷನ್ ಮಾಡಿಸಿ ಎಂದು ಮಗ ಹೇಳಿದ, ನಾನೂ ಹೇಳಿದೆ. "ಮುಂದಿನ್ ತಿಂಗ್ಳು" ಎಂದರು. ಅವರ ಮುಂದಿನ ತಿಂಗಳು ನನಗೆ ಗೊತ್ತಿತ್ತು. ಅಲ್ಲಿಯವರೆಗೆ ನಾನು ಬಣ್ಣ ಹೇಳಬೇಕು, ಅವರು ಬಡಿಯಬೇಕು. ನನಗೆ ಬರುವುದು ಬಟ್ಟೆಯ ಬಣ್ಣಗಳು. "ಈಗ ಮೆರೂನ್. ಈಗ ಇಟ್ಟಿಗೆ. ಕನಕಾಂಬರ ಬಂತು, ಆಚಾರ್ರೇ, ತೆಗೀರಿ." ಅವರಿಗೆ ಅದು ಹಿಡಿಸಿತು. ಗಿರಾಕಿಗಳ ಮುಂದೆಯೂ "ಕನಕಾಂಬ್ರ ಬಂದ್ಮ್ಯಾಲೆ ಹೇಳವ್ವ" ಎನ್ನತೊಡಗಿದರು. ಕುಡುಗೋಲು ತಂದವರು ನಾವು ಹೂ ಮಾರುತ್ತಿದ್ದೇವೇನೋ ಎಂಬಂತೆ ನೋಡುತ್ತಿದ್ದರು.

ಅವರನ್ನು ಕಂಡರೆ ನನಗೆ ತುಂಬಾ ಇಷ್ಟವಿತ್ತು. ಇದನ್ನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಏನು ಉತ್ತರ ಕೊಡಬೇಕೆಂದು ತಿಳಿಯದೆ ಯಾವುದಾದರೂ ಗುದ್ದಲಿ ಎತ್ತಿಕೊಂಡು ನೋಡುತ್ತಿದ್ದರು.

ತೀರಿಕೊಂಡಿದ್ದು ಒಂದು ಸೋಮವಾರ ಬೆಳಿಗ್ಗೆ. ಕಾಫಿ ಕುಡಿದು, ಲೋಟ ಕೆಳಗಿಟ್ಟು, ಕುಲುಮೆಯ ಬಾಗಿಲಲ್ಲಿ ಕೂತವರು ಹಾಗೇ ಗೋಡೆಗೆ ಒರಗಿದ್ದರು. ಹಾಲಿನ ಸುತ್ತು ಮುಗಿಸಿ ಬಂದ ಮಗ ನೋಡಿದ. ಅವನು ನೇರವಾಗಿ ನನ್ನ ಅಂಗಡಿಗೆ ಬಂದ. ಟೆಂಪೋದ ಬೀಗದ ಕೈ ಇನ್ನೂ ಕೈಯಲ್ಲೇ ಇತ್ತು.

"ಅಕ್ಕಾ, ಅಪ್ಪ ಹೋದ್ರು. ಬನ್ನಿ. ಇಕ್ಳ ತಕ್ಕೊಂಡ್ ಬನ್ನಿ."

ಮಧ್ಯಾಹ್ನದ ಹೊತ್ತಿಗೆ ಕೋಡಿಹಳ್ಳಿ ಕಡೆಯ ನೆಂಟರು ಬಂದರು. ಕೀಲು ತೆಗೆಯಲು ಕುಲುಮೆಗೆ ಬೆಂಕಿ ಹಾಕುವಾಗ ಅವರಲ್ಲಿ ಒಬ್ಬ ಹಿರಿಯರು, ಆಚಾರ್ರ ದೊಡ್ಡಪ್ಪನ ಮಗ, ನನ್ನನ್ನು ನೋಡಿ ಮುಂದೆ ಬಂದರು. "ಇದೇನ್ಲಾ ಇದು? ಹೆಂಗಸ್ರು ಕೀಲು ತೆಗ್ಯೋದಾ? ಅದೂ ನಮ್ಮೋರಲ್ದೋರು?"

ಮಗ ಇದ್ದಿಲು ಸರಿಮಾಡುತ್ತಾ ತಲೆಯೆತ್ತದೆ ಹೇಳಿದ: "ಇಕ್ಳ ಯಾರ್ ತವ ಐತೋ ಅವ್ರು ತೆಗೀತಾರೆ, ದೊಡ್ಡಪ್ಪ. ನಿಮ್ ತವ ಐತಾ?"

ಅವರು ಸುತ್ತ ನೋಡಿದರು. ಬಂದವರಲ್ಲಿ ಒಬ್ಬ ಗ್ರಿಲ್ ಕೆಲಸದವನು, ಇಬ್ಬರು ಬಡಗಿಗಳು, ಒಬ್ಬ ಕಾರಿನ ಡ್ರೈವರ್. ಕುಲುಮೆ ಬಿಟ್ಟು ಎಲ್ಲರಿಗೂ ತುಂಬಾ ವರ್ಷವಾಗಿತ್ತು. ಯಾರ ಬಳಿಯೂ ಇರಲಿಲ್ಲ. ಹಿರಿಯರು ಕಂಬದಲ್ಲಿ ನೇತಾಡುತ್ತಿದ್ದ ಇಕ್ಕುಳವನ್ನೊಮ್ಮೆ ನೋಡಿ, "ಹಂಗಾರೆ ಬೇಗ ಆಗ್ಲಿ. ಅದು ನೇತಾಡಬಾ‍ರ್ದು" ಎಂದು ಪಕ್ಕಕ್ಕೆ ನಿಂತರು.

ಕೀಲು ತೆಗೆಯಲು ಮೂರು ಕೈ ಬೇಕು. ಎಡಗೈಯಲ್ಲಿ ಇಕ್ಕುಳ, ಬಲಗೈಯಲ್ಲಿ ಉಳಿ, ಉಳಿಯ ಮೇಲೆ ಬಡಿಯಲು ಇನ್ನೊಬ್ಬರು. ಮಗ ಪ್ಯಾಂಟು ಮಡಚಿ, ಅಡಿಗಲ್ಲಿನ ಆಚೆ ಬದಿಗೆ, ತನ್ನ ತಾಯಿ ನಿಲ್ಲುತ್ತಿದ್ದ ಕಡೆ ನಿಂತು ದೊಡ್ಡ ಸುತ್ತಿಗೆ ಎತ್ತಿಕೊಂಡ. ಕಂಬದಿಂದ ಆಚಾರ್ರ ಇಕ್ಕುಳವನ್ನು ನಾನು ನನ್ನ ಇಕ್ಕುಳದಲ್ಲೇ ಇಳಿಸಿದೆ, ಕೈ ತಾಗಿಸಲಿಲ್ಲ. ಬೆಂಕಿಯಲ್ಲಿಟ್ಟೆ. ಬಣ್ಣ ಏರಿತು.

"ಕನಕಾಂಬರ ಬಂತು" ಎಂದೆ, ಅಭ್ಯಾಸಕ್ಕೆ, ಗಟ್ಟಿಯಾಗಿ. ಕೇಳಬೇಕಾದವರು ಚಾಪೆಯ ಮೇಲೆ ಮಲಗಿದ್ದರು. ಅಲ್ಲಿಯವರೆಗೆ ಸರಿಯಿದ್ದವಳಿಗೆ ಆಗ ಅಳು ಬಂತು. ಎಡಗೈ ಮಾತ್ರ ಅಲುಗಲಿಲ್ಲ. ಇಕ್ಕುಳ ಹಿಡಿಯಿತು.

ಎರಡನೆಯ ಏಟಿಗೆ ಕೀಲಿನ ತಲೆ ಹಾರಿತು. ಉಳಿದದ್ದನ್ನು ಕೆಳಗೆ ಹೊಡೆದು ತೆಗೆದೆವು. ಐವತ್ತು ವರ್ಷ ಒಟ್ಟಿಗಿದ್ದ ಎರಡು ತುಂಡು ಬೇರೆಯಾದವು. ನೀರಿನಲ್ಲಿ ಆರಿಸಿ, ಒರೆಸಿ, ಅಡಿಗಲ್ಲಿನ ಮೇಲೆ ಒಂದರ ಮೇಲೊಂದು ಇಟ್ಟೆ. ಒಂದೇ ಕಾಣಿಸಿತು. ಯಾವುದನ್ನು ಅವರ ಜೊತೆ ಇಡಬೇಕು ಎಂದು ಯಾರೋ ಕೇಳಿದರು. ಮಗ ಮೇಲಿದ್ದದ್ದನ್ನು ಎತ್ತಿಕೊಂಡ. ಹೊರಡುವ ಮುಂಚೆ ಕಂಬದ ಇನ್ನೊಂದು ಬದಿಗೆ ಹೋಗಿ, ಆ ಮೊಳೆಯಲ್ಲಿದ್ದ ನನ್ನ ಎಡಚು ತುಂಡನ್ನೂ ತೆಗೆದು ಟವೆಲ್ಲಿನಲ್ಲಿ ಸುತ್ತಿಕೊಂಡ.

ಹೊಲದ ಬದುವಿನಲ್ಲಿ, ಹೆಂಡತಿಯ ಪಕ್ಕದಲ್ಲೇ ಅವರಿಗೂ ಜಾಗ ಮಾಡಿದ್ದರು. ಅವರ ತುಂಡನ್ನು ಎಡಗೈಯ ಪಕ್ಕ ಇಟ್ಟು ಮಣ್ಣು ಮುಚ್ಚಿದರು. ಎಲ್ಲರೂ ಹಿಂದಿರುಗುವಾಗ ಮಗ ತಾಯಿಯ ಸಮಾಧಿಯ ಹತ್ತಿರ ಕೂತು, ಕೈಯಿಂದಲೇ ಒಂದು ಮೊಳ ಆಳ ತೋಡಿ, ಟವೆಲ್ ಬಿಚ್ಚಿ ಆ ತುಂಡನ್ನು ಒಳಗಿಟ್ಟ. "ಇದು ಅವ್ವಂದು" ಎಂದ. ಆ ಹಿರಿಯರು ಬಗ್ಗಿ ತಾವೂ ಒಂದು ಹಿಡಿ ಮಣ್ಣು ಹಾಕಿದರು.

ಆಚಾರ್ರ ಇನ್ನೊಂದು ತುಂಡು ಈಗ ನನ್ನ ಅಂಗಡಿಯಲ್ಲಿದೆ. ಬಟ್ಟೆ ಜಾರದಂತೆ ಕಟಿಂಗ್ ಟೇಬಲ್ಲಿನ ಮೇಲೆ ಭಾರಕ್ಕೆ ಇಡುತ್ತೇನೆ. ಅದನ್ನು ನೋಡಿಕೊಂಡು ಅದರ ಜೊತೆಯ ತುಂಡನ್ನು ಯಾವತ್ತು ಬೇಕಾದರೂ ಮಾಡಬಹುದು, ಹೇಗೆಂದು ಗೊತ್ತು: ಎಡಕ್ಕೆ, ಮತ್ತೆ ಎಡಕ್ಕೆ. ಅಷ್ಟು ಹೇಳಿಕೊಟ್ಟದ್ದಕ್ಕೆ ಅವರ ಋಣ ನನ್ನ ಮೇಲಿದೆ, ಅದು ತೀರುವುದಿಲ್ಲ. ಆದರೆ ಅವರು ಊರಲ್ಲಿಲ್ಲದ ನಾಲ್ಕು ದಿನಗಳಲ್ಲಿ, ಹೇಳಿದ ಮಾತು ಬಿಟ್ಟು ಒಂದು ತುಂಡನ್ನು ಬಲಕ್ಕೆ ತಿರುಗಿಸಿದೆನಲ್ಲ, ಅದರ ಬಗ್ಗೆ ಈಗ ನನಗೆ ನಾಚಿಕೆಯಿಲ್ಲ. ಮೂವತ್ತು ವರ್ಷ ಸುತ್ತಿಗೆ ಬೀಸಿದ ಆ ಹೆಂಗಸಿಗೆ ಅದರಿಂದ ಒಂದು ಇಕ್ಕುಳ ಸಿಕ್ಕಿತು, ಅರ್ಧವೇ ಆದರೂ.